ಚಳಿಗಾಲದಲ್ಲಿ ಹಳೇ ಗಾಡಿಯ ಎಣ್ಣೆ

ಕಡಲೆಕಾಯಿ ಪರಿಷೆ ಮುಗಿಯಿತು. ಅವರೇಕಾಯಿ ಬಂತು. ಅದರ ಹಿಂದೆಯೇ ಚಳಿಯೂ ಬಂತು.

ಈ ದಿನಗಳಲ್ಲಿ ನಮ್ಮ ಬೀದಿಗಳಲ್ಲಿ ಬೆಳಗಿನ ಜಾವ ಒಂದು ಸದ್ದು ಕೇಳುತ್ತದೆ. ಯಲಹಂಕದಲ್ಲೂ ಅದೇ, ಹೆಬ್ಬಾಳದಲ್ಲೂ ಅದೇ, ಯಶವಂತಪುರ, ಆರ್.ಟಿ. ನಗರದ ಒಳಬೀದಿಗಳಲ್ಲೂ ಅದೇ. ಹಳೇ ಬೈಕಿಗೆ ಕಿಕ್ ಹೊಡೆಯುವ ಸದ್ದು. ಒಂದು ಸಲ, ಎರಡು ಸಲ, ಹತ್ತು ಸಲ. ಗಾಡಿ ಸ್ಟಾರ್ಟ್ ಆಗುವುದಿಲ್ಲ. ಹೊರಗೆ ಮಂಜು. ಗಾಡಿಯ ಮೇಲೆ ಹೂವಿನ ಮೂಟೆ, ಇಲ್ಲ ಹಾಲಿನ ಕ್ಯಾನು, ಇಲ್ಲ ಸೊಪ್ಪಿನ ಕಟ್ಟು. ಡೇರಿಯಲ್ಲಿ ಹಾಲು ಅಳೆಯುವ ಹೊತ್ತು ಮೀರುತ್ತದೆ. ಸೊಪ್ಪು ಬಾಡುತ್ತದೆ. ಮಾರ್ಕೆಟ್ಟಿನಲ್ಲಿ ಒಳ್ಳೇ ಬೆಲೆಯ ಹೊತ್ತು ಹೋಗಿಬಿಡುತ್ತದೆ.

ಆ ದಿನದ ನಷ್ಟ ಯಾರ ತಲೆಗೆ? ಮನೆ ಖರ್ಚು ತೂಗಿಸುವವರ ತಲೆಗೆ. ಅಂದರೆ ನಮ್ಮ ತಲೆಗೇ.

"ಗಾಡಿ ಗಂಡಸರದ್ದು ಮೇಡಂ. ಅದರ ಎಣ್ಣೆ ವಿಚಾರ ನಮಗ್ಯಾಕೆ?" ಅಂತ ಒಬ್ಬ ಅಕ್ಕ ಕಲಿಕಾ ಕೇಂದ್ರದಲ್ಲಿ ಕೇಳಿದರು. ಅವರ ಪಕ್ಕದಲ್ಲಿ ಕೂತಿದ್ದವರೇ ಉತ್ತರ ಕೊಟ್ಟರು. "ಗಾಡಿ ಅವರದ್ದು, ರಿಪೇರಿ ದುಡ್ಡು ನಮ್ಮ ಸಂಘದ ಸಾಲ ಅಲ್ವಾ?" ಎಲ್ಲರೂ ನಕ್ಕರು. ಮಾತು ಮಾತ್ರ ನಿಜ. ಈಗ ಗಾಡಿ ಓಡಿಸುವ ಹೆಂಗಸರೂ ನಮ್ಮಲ್ಲಿ ಕಮ್ಮಿ ಇಲ್ಲ. ಎಕ್ಸ್.ಎಲ್. ಮೊಪೆಡ್ಡಿನಲ್ಲಿ ಮೂಟೆ ಇಟ್ಟುಕೊಂಡು ಹೋಗುವ ಅಕ್ಕಂದಿರನ್ನು ನಾವು ದಿನಾ ನೋಡುತ್ತೇವೆ.

ಇನ್ನೊಂದು ಕಾರಣವೂ ಇದೆ. ಎಣ್ಣೆ ಡಬ್ಬದ ಮೇಲೆ ಅಕ್ಷರ ಇದೆ, ಅಂಕಿ ಇದೆ. ಗಾಡಿಯ ಮೀಟರಿನಲ್ಲಿ ಅಂಕಿ ಇದೆ. ಈಗ ನಮಗೆ ಅಂಕಿ ಓದಲು ಬರುತ್ತದೆ. ಕಲಿತದ್ದನ್ನು ಎಲ್ಲಾದರೂ ಬಳಸಬೇಕಲ್ಲ? ಇಲ್ಲೇ ಬಳಸೋಣ.

ಎಣ್ಣೆ ಏಕೆ ಬೇಕು?

ಬಾವಿಯ ರಾಟೆ ನೆನಪಿಸಿಕೊಳ್ಳಿ. ಎಣ್ಣೆ ಇಲ್ಲದಿದ್ದರೆ ಅದು ಕಿರ್ ಕಿರ್ ಅನ್ನುತ್ತದೆ. ಸೇದುವವರ ಕೈ ನೋಯುತ್ತದೆ. ದಿನ ಕಳೆದ ಹಾಗೆ ಅಚ್ಚು ಸವೆಯುತ್ತದೆ. ಎತ್ತಿನ ಗಾಡಿಗೂ ಹಾಗೆಯೇ. ಕೀಲಿಗೆ ಎಣ್ಣೆ ಹಾಕದೆ ಹಿಂದಿನವರು ಗಾಡಿ ಕಟ್ಟುತ್ತಿರಲಿಲ್ಲ.

ಬೈಕಿನ ಇಂಜಿನ್ ಒಳಗೆ ಒಂದು ಕಬ್ಬಿಣದ ಕೊಳವೆ ಇದೆ. ಅದು ಸಿಲಿಂಡರ್. ಅದರೊಳಗೆ ಒಂದು ಲೋಹದ ಬಿರಡೆ ಮೇಲೆ ಕೆಳಗೆ ಓಡುತ್ತದೆ. ಅದು ಪಿಸ್ಟನ್. ಗಾಡಿ ನಿಂತಲ್ಲೇ ಗುರ್ ಅನ್ನುವಾಗಲೂ ಈ ಪಿಸ್ಟನ್ ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಸಲ ಮೇಲೆ ಕೆಳಗೆ ಆಡುತ್ತದೆ. ಲೋಹಕ್ಕೆ ಲೋಹ ತಿಕ್ಕಿದರೆ ಏನಾಗುತ್ತದೆ? ಬಿಸಿಯಾಗುತ್ತದೆ, ಸವೆಯುತ್ತದೆ, ಕೊನೆಗೆ ಹಿಡಿದುಕೊಂಡುಬಿಡುತ್ತದೆ. "ಇಂಜಿನ್ ಸೀಜ್ ಆಯ್ತು" ಅನ್ನುತ್ತಾರಲ್ಲ, ಅದೇ ಇದು.

ಎರಡು ಲೋಹದ ನಡುವೆ ತೆಳ್ಳಗೆ ಹರಡಿಕೊಳ್ಳುವುದೇ ಎಣ್ಣೆಯ ಕೆಲಸ. ದೋಸೆ ಕಾವಲಿಗೆ ಎಣ್ಣೆ ಸವರುತ್ತೇವಲ್ಲ, ಹಾಗೆ. ಎಣ್ಣೆ ಸವರಿದರೆ ದೋಸೆ ಏಳುತ್ತದೆ. ಸವರದಿದ್ದರೆ ಕಚ್ಚಿಕೊಳ್ಳುತ್ತದೆ. ಇಂಜಿನ್ ಎಣ್ಣೆ ಇನ್ನೂ ಎರಡು ಕೆಲಸ ಮಾಡುತ್ತದೆ. ಬಿಸಿಯನ್ನು ಎಳೆದುಕೊಳ್ಳುತ್ತದೆ. ಒಳಗಿನ ಮಸಿಯನ್ನು ತೊಳೆಯುತ್ತದೆ. ಅದಕ್ಕೇ ಹಾಕಿದಾಗ ಜೇನಿನ ಬಣ್ಣ ಇದ್ದ ಎಣ್ಣೆ ಕೆಲವೇ ದಿನಕ್ಕೆ ಕಪ್ಪಾಗುತ್ತದೆ. ಕಪ್ಪಾದ ಮಾತ್ರಕ್ಕೆ ಕೆಟ್ಟಿತು ಅಂತಲ್ಲ. ಪಾತ್ರೆ ತೊಳೆದ ನೀರು ಕಪ್ಪಾದರೆ ಪಾತ್ರೆ ಚೊಕ್ಕಟ ಆಯಿತು ಎಂದೇ ಅರ್ಥ. ಆದರೆ ಅದೇ ನೀರಿನಲ್ಲಿ ಎಷ್ಟು ದಿನ ತೊಳೆಯುತ್ತೀರಿ?

ಒಂದು ವಿಷಯ ಕೇಳಿ. ಇಂಗ್ಲಿಷಿನಲ್ಲಿ ಹರಳೆಣ್ಣೆಗೆ ಕ್ಯಾಸ್ಟರ್ ಆಯಿಲ್ ಅನ್ನುತ್ತಾರೆ. ನಾವು ಮಗುವಿನ ನೆತ್ತಿಗೆ ತಟ್ಟುವ ಎಣ್ಣೆ. 1914ರಿಂದ 1918ರವರೆಗೆ ನಡೆದ ಮೊದಲನೇ ಮಹಾಯುದ್ಧದಲ್ಲಿ ಎಷ್ಟೋ ವಿಮಾನಗಳ ಇಂಜಿನ್ ಓಡಿದ್ದು ಇದೇ ಹರಳೆಣ್ಣೆಯ ಮೇಲೆ. ಕ್ಯಾಸ್ಟ್ರಾಲ್ ಅನ್ನುವ ಕಂಪನಿ ಹೆಸರು ಹುಟ್ಟಿದ್ದೂ ಈ ಕ್ಯಾಸ್ಟರ್‌ನಿಂದಲೇ. ಯಲಹಂಕದ ವಾಯುಪಡೆ ನೆಲೆಯಲ್ಲಿ 1996ರಿಂದ ವಿಮಾನಗಳ ದೊಡ್ಡ ಪ್ರದರ್ಶನ ನಡೆಯುತ್ತಾ ಬಂದಿದೆ. ನಮ್ಮ ತಲೆಯ ಮೇಲೆ ಹಾರುವ ಆ ವಿಮಾನಗಳ ಅಜ್ಜಂದಿರು ನಮ್ಮ ಹಿತ್ತಲಿನ ಹರಳು ಬೀಜದ ಎಣ್ಣೆ ಕುಡಿದವರು! ಹಾಗಂತ ಇವತ್ತಿನ ಬೈಕಿಗೆ ಹರಳೆಣ್ಣೆ ಹಾಕಬೇಡಿ. ದಿನ ಕಳೆದರೆ ಅದು ಅಂಟಾಗುತ್ತದೆ.

ಚಳಿಗೆ ಏನಾಗುತ್ತದೆ?

ಡಿಸೆಂಬರ್ ತಿಂಗಳಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯಲ್ಲಿ ಗಟ್ಟಿಯಾಗುತ್ತದೆ. ಬೆಲ್ಲದ ಪಾಕ ಒಲೆಯ ಮೇಲೆ ನೀರಾಗಿ ಹರಿಯುತ್ತದೆ. ಇಳಿಸಿ ಆರಲು ಬಿಟ್ಟರೆ ಸೌಟಿಗೆ ಅಂಟಿಕೊಳ್ಳುತ್ತದೆ. ಇಂಜಿನ್ ಎಣ್ಣೆ ಕೊಬ್ಬರಿ ಎಣ್ಣೆಯ ಹಾಗೆ ಹೆಪ್ಪುಗಟ್ಟುವುದಿಲ್ಲ. ಆದರೆ ಪಾಕದ ಹಾಗೆ ಮಂದವಾಗುತ್ತದೆ.

ರಾತ್ರಿ ಗಾಡಿ ನಿಂತಾಗ ಎಣ್ಣೆ ಎಲ್ಲ ಕೆಳಗಿಳಿದು ಇಂಜಿನ್ ತಳದಲ್ಲಿ ಕೂರುತ್ತದೆ. ಬೆಳಗ್ಗೆ ಕಿಕ್ ಹೊಡೆದಾಗ ಅದು ಮೇಲೆ ಹತ್ತಬೇಕು. ಬೇಸಿಗೆಯಲ್ಲಿ ಬೇಗ ಹತ್ತುತ್ತದೆ. ಚಳಿಯಲ್ಲಿ ಮಂದವಾದ ಎಣ್ಣೆ ನಿಧಾನಕ್ಕೆ ಹತ್ತುತ್ತದೆ. ಆ ಸ್ವಲ್ಪ ಹೊತ್ತು ಲೋಹಕ್ಕೆ ಲೋಹ ತಿಕ್ಕುತ್ತದೆ. ಸವೆತ ಹೆಚ್ಚುವುದು ಇಂಥ ಹೊತ್ತಿನಲ್ಲೇ. ಕಿಕ್ ಭಾರವಾಗುವುದಕ್ಕೂ ಈ ಮಂದ ಎಣ್ಣೆಯೇ ಒಂದು ಕಾರಣ.

ನಮ್ಮ ಚಳಿ ಎಷ್ಟು ದೊಡ್ಡದು? ಅದನ್ನೂ ಸರಿಯಾಗಿ ತಿಳಿಯೋಣ. ಸುಮ್ಮನೆ ಹೆದರುವುದು ಬೇಡ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿದೆ. ಡಿಸೆಂಬರ್, ಜನವರಿಯ ಬೆಳಗಿನ ಜಾವ ಸಾಮಾನ್ಯವಾಗಿ 15, 16 ಡಿಗ್ರಿ ಇರುತ್ತದೆ. ಕೆಲವು ದಿನ ಅದಕ್ಕೂ ಕೆಳಗೆ ಇಳಿಯುತ್ತದೆ. ಬೆಂಗಳೂರಿನಲ್ಲಿ ಅಳೆದು ಬರೆದಿಟ್ಟ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ. ಅದು 1884ನೇ ಇಸವಿ ಜನವರಿ 13ರ ಮಾತು. ಲಡಾಖಿನಲ್ಲಿ ನೀರೇ ಕಲ್ಲಾಗುತ್ತದೆ. ನಮ್ಮಲ್ಲಿ ಹಾಗಿಲ್ಲ. ಆದ್ದರಿಂದ "ಚಳಿಗಾಲಕ್ಕೆ ಬೇರೆ ಸ್ಪೆಷಲ್ ಎಣ್ಣೆ ಹಾಕಿಸಿ" ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಕಾಗಿಲ್ಲ. ಸರಿಯಾದ ಎಣ್ಣೆ, ಸರಿಯಾದ ಅಳತೆ, ಸರಿಯಾದ ಹೊತ್ತು ಇಷ್ಟಿದ್ದರೆ ನಮ್ಮ ಚಳಿಗೆ ಸಾಕು.

ಚಳಿಗೆ ಇನ್ನೊಂದು ತೊಂದರೆ ಇದೆ. ಇದು ಕಣ್ಣಿಗೆ ಕಾಣುವುದಿಲ್ಲ. ಪೆಟ್ರೋಲ್ ಉರಿದಾಗ ನೀರಿನ ಆವಿ ಹುಟ್ಟುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರಿನಷ್ಟು ಆವಿ! ನಂಬಲು ಕಷ್ಟ. ಆದರೆ ಬೆಳಗ್ಗೆ ಸೈಲೆನ್ಸರ್ ಬಾಯಲ್ಲಿ ನೀರು ತೊಟ್ಟಿಕ್ಕುವುದನ್ನು ನೀವೇ ನೋಡಿದ್ದೀರಿ. ಬಹುಪಾಲು ಆವಿ ಹೀಗೆ ಹೊರಗೆ ಹೋಗುತ್ತದೆ. ಸ್ವಲ್ಪ ಆವಿ ಇಂಜಿನ್ ಒಳಕ್ಕೆ ನುಸುಳುತ್ತದೆ. ಇಂಜಿನ್ ಚೆನ್ನಾಗಿ ಕಾದರೆ ಅದೂ ಆರಿಹೋಗುತ್ತದೆ. ಕಾಯದಿದ್ದರೆ? ಅನ್ನದ ಪಾತ್ರೆಯ ಮುಚ್ಚಳಕ್ಕೆ ಬೆವರು ಕೂರುವ ಹಾಗೆ ಒಳಗೇ ನೀರಾಗಿ ಎಣ್ಣೆಗೆ ಸೇರುತ್ತದೆ.

ಮನೆಯಿಂದ ಬಸ್ ಸ್ಟಾಪಿಗೆ, ಬಸ್ ಸ್ಟಾಪಿನಿಂದ ಅಂಗಡಿಗೆ. ಇಷ್ಟೇ ಓಡಾಡುವ ಗಾಡಿಗೆ ಈ ತೊಂದರೆ ಹೆಚ್ಚು. ದಿನಾ ಯಲಹಂಕದಿಂದ ಯಶವಂತಪುರದ ಯಾರ್ಡಿಗೆ ಹೋಗುವ ಗಾಡಿಗೆ ಕಡಿಮೆ. ದುಡಿಯುವ ಗಾಡಿಗಿಂತ ಕೂತ ಗಾಡಿಯ ಎಣ್ಣೆಯೇ ಬೇಗ ಕೆಡುತ್ತದೆ ಅಂದರೆ ವಿಚಿತ್ರ ಅಲ್ಲವೇ? ಗಿಡ್ಡ ಓಡಾಟದ ಗಾಡಿಯನ್ನು ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ಬಿಡದೆ ಓಡಿಸಬೇಕು. ದೊಡ್ಡಬಳ್ಳಾಪುರದ ಕಡೆಗೆ ಯಾರನ್ನಾದರೂ ನೋಡಲು ಹೋಗುವುದಿದ್ದರೆ ಒಳ್ಳೆಯದೇ ಆಯಿತು.

ಕಡ್ಡಿಯನ್ನು ಓದೋಣ

ಎಣ್ಣೆ ಎಷ್ಟಿದೆ ಅಂತ ನೋಡಲು ಮೆಕ್ಯಾನಿಕ್ ಬೇಕಿಲ್ಲ. ಹಳೇ ಹೀರೋ ಹೋಂಡಾ ಗಾಡಿಗಳಲ್ಲಿ ಇಂಜಿನ್ನಿನ ಬಲಗಡೆ, ಕೆಳಗೆ, ಒಂದು ಕಪ್ಪು ಮುಚ್ಚಳ ಇದೆ. ಅದನ್ನು ತಿರುಗಿಸಿ ತೆಗೆದರೆ ಒಂದು ಕಡ್ಡಿ ಬರುತ್ತದೆ. ಕಡ್ಡಿಯ ತುದಿಯಲ್ಲಿ ಎರಡು ಗುರುತು. ಮೇಲಿನದು ಹೆಚ್ಚೆಂದರೆ ಇಷ್ಟು. ಕೆಳಗಿನದು ಕಡಿಮೆ ಎಂದರೆ ಇಷ್ಟು.

ಗಾಡಿಯನ್ನು ಸಮನಾದ ನೆಲದಲ್ಲಿ ದೊಡ್ಡ ಸ್ಟ್ಯಾಂಡ್ ಹಾಕಿ ನಿಲ್ಲಿಸಿ. ಪಕ್ಕದ ಸ್ಟ್ಯಾಂಡ್ ಹಾಕಿದರೆ ಗಾಡಿ ವಾಲುತ್ತದೆ, ಅಳತೆ ಸುಳ್ಳಾಗುತ್ತದೆ. ಎರಡು ಮೂರು ನಿಮಿಷ ಇಂಜಿನ್ ಓಡಲಿ. ಆಮೇಲೆ ನಿಲ್ಲಿಸಿ. ಇನ್ನೆರಡು ಮೂರು ನಿಮಿಷ ಕಾಯಿರಿ, ಎಣ್ಣೆ ಕೆಳಗಿಳಿಯಲಿ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳಿ. ಸೈಲೆನ್ಸರ್ ಕೆಂಡದಂತೆ ಕಾದಿರುತ್ತದೆ, ಕೈ ಕಾಲು ತಾಗಿಸಬೇಡಿ. ಕಡ್ಡಿಯನ್ನು ತೆಗೆದು ಹಳೇ ಬಟ್ಟೆಯಲ್ಲಿ ಒರೆಸಿ. ಮತ್ತೆ ಒಳಗಿಡಿ, ತಿರುಗಿಸಬೇಡಿ, ಸುಮ್ಮನೆ ಇಡಿ. ಹೊರಗೆ ತೆಗೆದು ನೋಡಿ. ಎಣ್ಣೆಯ ಒದ್ದೆ ಎರಡು ಗುರುತಿನ ನಡುವೆ ಇದ್ದರೆ ಸರಿ. ಕೆಳಗಿನ ಗುರುತಿಗಿಂತ ಕೆಳಗಿದ್ದರೆ ಗಾಡಿ ಹೊರಡಿಸಬೇಡಿ. ಕೆಲವು ಗಾಡಿಗಳಲ್ಲಿ ಕಡ್ಡಿ ಇರುವುದಿಲ್ಲ, ಗಾಜಿನ ಸಣ್ಣ ಕಿಟಕಿ ಇರುತ್ತದೆ. ಅಲ್ಲೂ ಎರಡು ಗೆರೆ, ಅದೇ ಲೆಕ್ಕ.

"ಕಡಿಮೆ ಆದರೆ ತೊಂದರೆ, ಜಾಸ್ತಿ ಹಾಕಿಬಿಡೋಣ" ಅನ್ನುವ ಹಾಗೂ ಇಲ್ಲ. ಮೇಲಿನ ಗುರುತು ದಾಟಿದರೆ ಇಂಜಿನ್ ಭಾರವಾಗುತ್ತದೆ, ಸಂದಿಯಲ್ಲಿ ಎಣ್ಣೆ ಸೋರುತ್ತದೆ, ಹೊಗೆ ಬರುತ್ತದೆ. ಸಾರಿಗೆ ಉಪ್ಪು ಹಾಕಿದ ಹಾಗೆ, ಅಳತೆ ಮುಖ್ಯ.

ಕಡ್ಡಿಯ ಮೇಲಿನ ಎಣ್ಣೆಯ ಬಣ್ಣವನ್ನೂ ನೋಡಿ. ಹಾಲು ಬೆರೆಸಿದ ಕಾಫಿಯ ಬಣ್ಣ ಬಂದಿದ್ದರೆ ನೀರು ಸೇರಿದೆ. ಮುಚ್ಚಳದ ಒಳಗೆ ಸ್ವಲ್ಪ ನೊರೆ ಕಂಡರೆ ಒಂದು ಉದ್ದದ ಓಡಾಟಕ್ಕೆ ಅದು ಹೋಗಬಹುದು. ಎಣ್ಣೆಯೆಲ್ಲ ಕಾಫಿಯ ಬಣ್ಣವಾಗಿದ್ದರೆ ಬದಲಿಸಲೇಬೇಕು. ನೀರಿನ ಹಾಗೆ ತೆಳ್ಳಗಾಗಿ ಪೆಟ್ರೋಲ್ ವಾಸನೆ ಬಂದರೂ ಬದಲಿಸಬೇಕು. ಎಣ್ಣೆಯಲ್ಲಿ ಜರಿಯ ಹಾಗೆ ಮಿನುಗುವ ಪುಡಿ ಕಂಡರೆ ಅದು ಸವೆದ ಲೋಹ. ಆ ದಿನವೇ ಮೆಕ್ಯಾನಿಕ್‌ಗೆ ತೋರಿಸಿ.

ಹೆಬ್ಬಾಳದ ಕಡೆ ಸೊಪ್ಪು ಮಾರುವ ಒಬ್ಬ ಅಕ್ಕ ನಮ್ಮ ಕೇಂದ್ರಕ್ಕೆ ಬರುತ್ತಾರೆ. ಮನೆಯಲ್ಲಿ ಹಳೇ ಸ್ಪ್ಲೆಂಡರ್. ಪಾಠದ ದಿನ ಕಡ್ಡಿ ನೋಡುವುದನ್ನು ಕಲಿತು ಹೋದರು. ಮರುದಿನ ನೋಡಿದರೆ ಕಡ್ಡಿಯ ತುದಿಯಲ್ಲಿ ಒಂದು ತೊಟ್ಟು ಮಾತ್ರ ಎಣ್ಣೆ. ಗಂಡ "ನಿಂಗೇನು ಗೊತ್ತು" ಅಂದರಂತೆ. ಇವರು ಕಡ್ಡಿಯನ್ನೇ ಮುಖದ ಮುಂದೆ ಹಿಡಿದರಂತೆ. ಗಾಡಿ ಆ ಬೆಳಗ್ಗೆ ಹೊರಡಲಿಲ್ಲ. ಎಣ್ಣೆ ತಂದು ಹಾಕಿದ ಮೇಲೆಯೇ ಹೊರಟಿತು. ಹಳೇ ಇಂಜಿನ್ ಒಳಗಿನ ರಿಂಗುಗಳು ಸವೆದಿರುತ್ತವೆ. ಅಲ್ಲಿಂದ ಎಣ್ಣೆ ಮೇಲೇರಿ ಪೆಟ್ರೋಲ್ ಜೊತೆ ಉರಿದುಹೋಗುತ್ತದೆ. ಕೆಳಗೆ ಸೋರಿದ ಗುರುತೇ ಇರುವುದಿಲ್ಲ. ಅದಕ್ಕೇ ಹೊಸ ಗಾಡಿಗಿಂತ ಹಳೇ ಗಾಡಿಯ ಕಡ್ಡಿಯನ್ನು ಹೆಚ್ಚು ಸಲ ನೋಡಬೇಕು. ವಾರಕ್ಕೊಂದು ಸಲ ನೋಡಿ. ಶನಿವಾರ ಅಂತ ಇಟ್ಟುಕೊಳ್ಳಿ, ಎಣ್ಣೆ ಸ್ನಾನದ ದಿನ, ಮರೆಯುವುದಿಲ್ಲ.

ಹೊಗೆಯನ್ನೂ ಓದಬಹುದು. ಚಳಿಯ ಬೆಳಗ್ಗೆ ಬಿಳಿ ಹೊಗೆ ಬಂದು ಸ್ವಲ್ಪ ಹೊತ್ತಿಗೆ ನಿಂತರೆ ಅದು ನೀರಿನ ಆವಿ, ಹೆದರಬೇಡಿ. ಕಪ್ಪು ಹೊಗೆ ಬಂದರೆ ಪೆಟ್ರೋಲ್ ಹೆಚ್ಚು ಹೋಗುತ್ತಿದೆ. ನೀಲಿ ಹೊಗೆ ಬಿಡದೆ ಬಂದರೆ ಎಣ್ಣೆ ಉರಿಯುತ್ತಿದೆ.

ಡಬ್ಬವನ್ನು ಓದೋಣ

ಇಂಜಿನ್ ಆಯಿಲ್ ಡಬ್ಬದ ಮೇಲೆ ದೊಡ್ಡದಾಗಿ ಎರಡು ಅಂಕಿ ಇರುತ್ತವೆ. 10, 30. ಅಥವಾ 20, 40. ಅಥವಾ 20, 50. ಮೊದಲ ಅಂಕಿಯ ಪಕ್ಕದಲ್ಲಿ ಒಂದು ಇಂಗ್ಲಿಷ್ ಅಕ್ಷರ. ಎರಡು ಆಲಿಕೆಗಳನ್ನು ಪಕ್ಕಪಕ್ಕ ಇಟ್ಟ ಹಾಗೆ ಕಾಣುತ್ತದೆ. ಅದು ಡಬ್ಲ್ಯೂ. ವಿಂಟರ್ ಅನ್ನುವ ಇಂಗ್ಲಿಷ್ ಮಾತಿನ ಮೊದಲ ಅಕ್ಷರ. ವಿಂಟರ್ ಅಂದರೆ ಚಳಿಗಾಲ.

ನೋಡಿದಿರಾ? ಚಳಿಗಾಲದ ಮಾತು ಡಬ್ಬದ ಮೇಲೇ ಬರೆದಿದೆ. ಡಬ್ಲ್ಯೂ ಹಿಂದಿನ ಅಂಕಿ ಚಳಿಯಲ್ಲಿ ಎಣ್ಣೆ ಎಷ್ಟು ಮಂದ ಅಂತ ಹೇಳುತ್ತದೆ. ಅಂಕಿ ಸಣ್ಣದಾದಷ್ಟೂ ಚಳಿಯಲ್ಲಿ ಸಲೀಸಾಗಿ ಹರಿಯುತ್ತದೆ. ಅಂದರೆ 20ಕ್ಕಿಂತ 10 ಸಲೀಸು. ಆಮೇಲಿನ ಅಂಕಿ ಇಂಜಿನ್ ಕಾದಾಗ ಎಣ್ಣೆ ಎಷ್ಟು ಮಂದವಾಗಿ ಉಳಿಯುತ್ತದೆ ಅಂತ ಹೇಳುತ್ತದೆ. ಅಂಕಿ ದೊಡ್ಡದಾದಷ್ಟೂ ಮಂದ. 30ಕ್ಕಿಂತ 40, 40ಕ್ಕಿಂತ 50 ಮಂದ.

ನಮ್ಮ ಗಾಡಿಗೆ ಯಾವುದು? ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿ ಯಾವುದು ಬರೆದಿದೆಯೋ ಅದು. ಆ ಪುಸ್ತಕ ಸಾಮಾನ್ಯವಾಗಿ ಟ್ರಂಕಿನಲ್ಲಿ, ಆರ್.ಸಿ. ಪೇಪರ್ ಜೊತೆ ಇರುತ್ತದೆ. ಹುಡುಕಿ ತೆಗೆಯಿರಿ. "ಹಳೇ ಇಂಜಿನ್ನು, ಹೊಗೆ ಬರ್ತಿದೆ, ಇನ್ನೂ ಮಂದ ಎಣ್ಣೆ ಹಾಕಿದ್ರೆ ನಿಲ್ಲುತ್ತೆ" ಅಂತ ಕೆಲವರು ಹೇಳುತ್ತಾರೆ. ಹೊಗೆ ಸ್ವಲ್ಪ ಕಡಿಮೆ ಆಗಬಹುದು. ಆದರೆ ಚಳಿಯ ಬೆಳಗ್ಗೆ ಆ ಮಂದ ಎಣ್ಣೆ ಮೇಲೆ ಹತ್ತಲು ತಡ. ನಮ್ಮ ಅಭಿಪ್ರಾಯದಲ್ಲಿ ಅದು ಸೋರುವ ಮಾಡಿಗೆ ಬಣ್ಣ ಹೊಡೆದ ಹಾಗೆ.

ಡಬ್ಬದ ಮೇಲೆ ಇನ್ನೆರಡು ಸಣ್ಣ ಅಕ್ಷರ ಹುಡುಕಿ. ಎಂ ಮತ್ತು ಎ. ಎಂ ಅಕ್ಷರ ಎರಡು ಗುಡ್ಡ ಅಕ್ಕಪಕ್ಕ ನಿಂತ ಹಾಗೆ. ಎ ಅಕ್ಷರ ಮಧ್ಯೆ ಒಂದು ಮೆಟ್ಟಿಲಿರುವ ಏಣಿಯ ಹಾಗೆ. ಇದು ಜಪಾನಿನವರು ಮಾಡಿದ ಗುರುತು. ಸಾಮಾನ್ಯ ಫೋರ್ ಸ್ಟ್ರೋಕ್ ಬೈಕಿನಲ್ಲಿ ಇಂಜಿನ್ನಿಗೂ ಕ್ಲಚ್ಚಿಗೂ ಗೇರಿಗೂ ಒಂದೇ ಎಣ್ಣೆ. ಅದಕ್ಕೆ ತಕ್ಕ ಎಣ್ಣೆ ಇದು ಎಂದು ಆ ಗುರುತು ಹೇಳುತ್ತದೆ. ಕಾರಿನ ಎಣ್ಣೆ ಉಳಿದಿದೆ ಅಂತ ಬೈಕಿಗೆ ಸುರಿದರೆ ಕ್ಲಚ್ ಜಾರಬಹುದು. ಇಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಗೇರಿಲ್ಲದ ಸ್ಕೂಟರಿಗೆ ಬರುವ ಎಣ್ಣೆಯೇ ಬೇರೆ. ಅದರ ಮೇಲೆ ಎಂ ಮತ್ತು ಬಿ ಇರುತ್ತದೆ.

ಇನ್ನು ಮೋಸದ ಮಾತು. ಹಳೇ ಎಣ್ಣೆಯನ್ನು ಸೋಸಿ, ಒಳ್ಳೇ ಕಂಪನಿಯ ಖಾಲಿ ಡಬ್ಬಕ್ಕೆ ತುಂಬಿ ಮಾರುವವರು ಇದ್ದಾರೆ. ಓದಲು ಬಾರದವರಿಗೆ ಇದು ಮೊದಲು ತಲುಪುತ್ತದೆ. ಸೀಲ್ ಒಡೆಯದೆ ಇದೆಯೇ ನೋಡಿ. ತಯಾರಿಸಿದ ತಿಂಗಳು, ವರ್ಷ ಓದಿ. ಬೆಲೆ ಓದಿ. ಬೆಲೆ ಒಂದು, ಕೇಳುವ ದುಡ್ಡು ಬಹಳ ಕಡಿಮೆ ಇನ್ನೊಂದು ಅಂದರೆ ಅನುಮಾನ ಪಡಿ. ಬಿಲ್ ಕೇಳಿ ಪಡೆಯಿರಿ. ನಿಮ್ಮ ಕಣ್ಣೆದುರೇ ಡಬ್ಬ ಒಡೆದು ಹಾಕಲಿ. ಖಾಲಿ ಡಬ್ಬವನ್ನು ಹಾಗೇ ಗುಜರಿಗೆ ಕೊಡಬೇಡಿ. ಚಾಕುವಿನಿಂದ ಸೀಳಿ, ಆಮೇಲೆ ಕೊಡಿ. ಅಡುಗೆ ಎಣ್ಣೆ ತುಂಬಿಡಲು ಚೆನ್ನಾಗಿದೆ ಅಂತ ತೊಳೆದು ಇಟ್ಟುಕೊಳ್ಳುವುದಂತೂ ಬೇಡವೇ ಬೇಡ.

ಪೆಟ್ರೋಲಿಗೆ ಎಣ್ಣೆ ಬೆರೆಸುವ ಗಾಡಿ

ಮೈಸೂರಿನಲ್ಲಿ ಐಡಿಯಲ್ ಜಾವಾ ಅನ್ನುವ ಕಾರ್ಖಾನೆ ಇತ್ತು. ಅಲ್ಲಿ 1961ರಿಂದ ಜಾವಾ ಬೈಕು ಬಂತು. ಆಮೇಲೆ ಯೆಜ್ಡಿ ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಆದರೆ ಆ ಗಾಡಿಗಳ ಢಗ್ ಢಗ್ ಸದ್ದು ಇನ್ನೂ ನಮ್ಮ ಊರುಗಳಲ್ಲಿ ಕೇಳುತ್ತದೆ. ಇವು ಟೂ ಸ್ಟ್ರೋಕ್ ಗಾಡಿಗಳು. ಹಳೇ ಎಕ್ಸ್.ಎಲ್. ಮೊಪೆಡ್ ಕೂಡ ಇದೇ ಜಾತಿ. ಇವುಗಳಲ್ಲಿ ಪೆಟ್ರೋಲಿಗೇ ಎಣ್ಣೆ ಬೆರೆಸಬೇಕು. ಆ ಎಣ್ಣೆಯ ಹೆಸರು ಟೂ ಟಿ. ಗೇರಿಗೆ ಬೇರೆ ಎಣ್ಣೆ.

ಇಲ್ಲಿ ಲೆಕ್ಕ ಮುಖ್ಯ. 50 ಪಾಲು ಪೆಟ್ರೋಲಿಗೆ 1 ಪಾಲು ಎಣ್ಣೆ ಅಂದರೆ ಒಂದು ಲೀಟರಿಗೆ 20 ಮಿಲಿ. 25 ಪಾಲಿಗೆ 1 ಪಾಲು ಅಂದರೆ ಒಂದು ಲೀಟರಿಗೆ 40 ಮಿಲಿ. ನಿಮ್ಮ ಗಾಡಿಗೆ ಎಷ್ಟು ಅಂತ ಪುಸ್ತಕದಲ್ಲಿ ನೋಡಿ. ಮಗುವಿನ ಔಷಧಿ ಜೊತೆ ಬರುವಂಥ ಅಳತೆ ಮುಚ್ಚಳ ಒಂದನ್ನು ಇದಕ್ಕೇ ಅಂತ ಬೇರೆ ಇಡಿ. ಮತ್ತೆ ಔಷಧಿಗೆ ಬಳಸಬೇಡಿ. ಎಣ್ಣೆ ಕಡಿಮೆಯಾದರೆ ಇಂಜಿನ್ ಹಿಡಿದುಕೊಳ್ಳುತ್ತದೆ. ಹೆಚ್ಚಾದರೆ ಬೀದಿ ತುಂಬ ಹೊಗೆ, ಪ್ಲಗ್ಗಿಗೆ ಮಸಿ. ಚಳಿಯಲ್ಲಿ ಎಣ್ಣೆ ಪೆಟ್ರೋಲಿನಲ್ಲಿ ಬೇಗ ಕರಗುವುದಿಲ್ಲ, ತಳಕ್ಕೆ ಇಳಿಯುತ್ತದೆ. ಬೆರೆಸಿದ ಮೇಲೆ ಚೆನ್ನಾಗಿ ಅಲುಗಾಡಿಸಬೇಕು.

ಹೀರೋ ಹೋಂಡಾ ಗಾಡಿ 1985ರಲ್ಲಿ ಬಂದಾಗ ಈ ಬೆರೆಸುವ ಕಾಟ ತಪ್ಪಿತು. ಪೆಟ್ರೋಲ್ ತುಂಬಿಸಿ, ಮುಚ್ಚಿ, ಮರೆತುಬಿಡಿ ಅಂತ ಜಾಹೀರಾತು ಬಂತು. ಜನ ಇಂಜಿನ್ ಎಣ್ಣೆಯನ್ನೂ ಮರೆತರು!

ಬೆಳಗ್ಗೆ ಸ್ಟಾರ್ಟ್ ಮಾಡುವಾಗ

ಕೀಲಿ ತಿರುಗಿಸುವ ಮುಂಚೆ ಎರಡು ಮೂರು ಸಲ ನಿಧಾನಕ್ಕೆ ಕಿಕ್ ತುಳಿಯಿರಿ. ಒಳಗೆ ಎಣ್ಣೆ ಸ್ವಲ್ಪ ಆಡುತ್ತದೆ. ಆಮೇಲೆ ಚೋಕ್ ಎಳೆದು, ಕೀಲಿ ತಿರುಗಿಸಿ, ಕಿಕ್ ಹೊಡೆಯಿರಿ. ಸ್ಟಾರ್ಟ್ ಆದ ತಕ್ಷಣ ರೊಂಯ್ ರೊಂಯ್ ಅನ್ನಿಸಬೇಡಿ. ನಮ್ಮ ಹುಡುಗರಿಗೆ ಇದೊಂದು ಚಟ. ಎಣ್ಣೆ ಇನ್ನೂ ಮೇಲೆ ಹತ್ತಿರುವುದಿಲ್ಲ, ಆಗ ಇಂಜಿನ್ನನ್ನು ಕೂಗಿಸುವುದು ನಿದ್ದೆಯಿಂದ ಎದ್ದವರನ್ನು ಓಡಿಸಿದ ಹಾಗೆ. ಒಂದು ನಿಮಿಷ ಮೆಲ್ಲಗೆ ಓಡಲಿ. ಮೊದಲ ಒಂದೆರಡು ಕಿಲೋಮೀಟರ್ ನಿಧಾನವಾಗಿ ಹೋಗಲಿ.

ಇಂಜಿನ್ ಬೆಚ್ಚಗಾದ ಮೇಲೆ ಚೋಕ್ ಒಳಗೆ ತಳ್ಳಲು ಮರೆಯಬಾರದು. ಮರೆತರೆ ಹೆಚ್ಚು ಪೆಟ್ರೋಲ್ ಹೋಗುತ್ತದೆ. ಆ ಪೆಟ್ರೋಲ್ ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದು, ಕೆಳಗಿಳಿದು, ಒಳ್ಳೇ ಎಣ್ಣೆಯನ್ನೂ ತೆಳ್ಳಗೆ ಮಾಡುತ್ತದೆ. ಕಪ್ಪು ಹೊಗೆಯ ಮಾತು ಹೇಳಿದೆವಲ್ಲ, ಅದಕ್ಕೆ ಇದೂ ಒಂದು ಕಾರಣ.

ಈಗ ಹೇಳುವುದನ್ನು ಎರಡು ಸಲ ಓದಿ. ಕಳ್ಳರ ಭಯಕ್ಕೆ, ಮಂಜಿನ ಭಯಕ್ಕೆ ನಾವು ಗಾಡಿಯನ್ನು ಮನೆಯೊಳಗೆ ನಿಲ್ಲಿಸುತ್ತೇವೆ. ಚಿಕ್ಕ ಮನೆ. ಅಲ್ಲೇ ಮಕ್ಕಳು ಮಲಗಿರುತ್ತಾರೆ. ಚಳಿ ಅಂತ ಬಾಗಿಲು ಕಿಟಕಿ ಮುಚ್ಚಿರುತ್ತದೆ. ಒಳಗೇ ಗಾಡಿ ಸ್ಟಾರ್ಟ್ ಮಾಡಿ ಬೆಚ್ಚಗೆ ಮಾಡಬೇಡಿ. ಸೈಲೆನ್ಸರಿನಿಂದ ಬರುವ ಗಾಳಿಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷ ಇದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಮಲಗಿದವರು ಮಲಗಿದ ಹಾಗೇ ಪ್ರಾಣ ಬಿಡಬಹುದು. ಗಾಡಿಯನ್ನು ತಳ್ಳಿಕೊಂಡು ಬೀದಿಗೆ ತನ್ನಿ, ಆಮೇಲೆ ಸ್ಟಾರ್ಟ್ ಮಾಡಿ. ಮನೆಯವರು ಬೇಸರ ಮಾಡಿಕೊಂಡರೂ ಇದೊಂದನ್ನು ಬಿಟ್ಟುಕೊಡಬೇಡಿ.

ತೆಗೆದ ಎಣ್ಣೆ

ಬದಲಿಸಿದಾಗ ಬಂದ ಕರಿ ಎಣ್ಣೆಯನ್ನು ಏನು ಮಾಡುವುದು? ಮೋರಿಗೆ ಸುರಿಯುವವರಿದ್ದಾರೆ. ನಮ್ಮ ಮೋರಿಯ ನೀರು ಎಲ್ಲಿಗೆ ಹೋಗುತ್ತದೆ? ಹೆಬ್ಬಾಳ ಕೆರೆ, ಜಕ್ಕೂರು ಕೆರೆ, ರಾಚೇನಹಳ್ಳಿ ಕೆರೆಯ ಕಡೆಗೆ. ಎಣ್ಣೆ ನೀರಿನ ಮೇಲೆ ಪೊರೆಯಾಗಿ ಹರಡುತ್ತದೆ, ಮೀನಿಗೆ ಗಾಳಿ ಸಿಗುವುದಿಲ್ಲ. ಮಂಚದ ತಿಗಣೆಗೆ, ದನದ ಗಾಯಕ್ಕೆ, ಒಲೆ ಹೊತ್ತಿಸಲು ಈ ಎಣ್ಣೆ ಬಳಸುವ ಅಭ್ಯಾಸವೂ ನಮ್ಮಲ್ಲಿದೆ. ಬಿಡಬೇಕು. ಅದರ ಹೊಗೆ ಕೆಟ್ಟದ್ದು. ದಿನಾ ಚರ್ಮಕ್ಕೆ ತಾಗುತ್ತಿದ್ದರೆ ಚರ್ಮದ ಕ್ಯಾನ್ಸರ್ ಬರುವ ಅಪಾಯ ಇದೆ. ಕೈಗೆ ಆದರೆ ಸೋಪು ಹಾಕಿ ತೊಳೆಯಿರಿ. ಎಣ್ಣೆಯಾದ ಅಂಗಿಯನ್ನು ಮಕ್ಕಳ ಬಟ್ಟೆ ಜೊತೆ ನೆನೆಹಾಕಬೇಡಿ. ತೆಗೆದ ಎಣ್ಣೆಯನ್ನು ಮುಚ್ಚಳ ಇರುವ ಕ್ಯಾನಿಗೆ ತುಂಬಿ ಗ್ಯಾರೇಜಿಗೇ ಕೊಡಿ. ಅವರು ಪೀಪಾಯಿಯಲ್ಲಿ ಕೂಡಿಟ್ಟು, ಅದನ್ನು ಶುದ್ಧ ಮಾಡುವ ಘಟಕಕ್ಕೆ ಕೊಡಬೇಕು ಎಂದು ನಿಯಮ ಇದೆ.

ಓದೋಣ, ಬರೆಯೋಣ, ಲೆಕ್ಕ ಮಾಡೋಣ

ಎಣ್ಣೆ ಬದಲಿಸುವುದು ಯಾವಾಗ? ಪುಸ್ತಕದ ಮಾತೇ ಮೊದಲ ಮಾತು. ಪುಸ್ತಕ ಸಿಗದಿದ್ದರೆ ಹಳೇ ಗಾಡಿಗೆ 3,000 ಕಿಲೋಮೀಟರಿಗೊಮ್ಮೆ ಅಂತ ಇಟ್ಟುಕೊಳ್ಳಬಹುದು. ಮೀಟರ್ ಓದುವಾಗ ಕೊನೆಯ ಅಂಕಿ ಬೇರೆ ಬಣ್ಣದಲ್ಲಿದ್ದರೆ ಅದನ್ನು ಬಿಟ್ಟು ಓದಿ.

1. ಎಣ್ಣೆ ಹಾಕಿಸಿದ ದಿನ ಮೀಟರಿನಲ್ಲಿ 41,350 ಇತ್ತು. ಮುಂದಿನ ಸಲ ಎಷ್ಟಕ್ಕೆ ಹಾಕಿಸಬೇಕು? ಕೂಡಿಸಿ ಬರೆಯಿರಿ.

2. ನಮ್ಮ ಮೀಟರ್ ಕೆಟ್ಟಿದೆ. ಗಾಡಿ ದಿನಕ್ಕೆ 30 ಕಿಲೋಮೀಟರ್ ಓಡುತ್ತದೆ. 3,000 ಕಿಲೋಮೀಟರಿಗೆ ಎಷ್ಟು ದಿನ? ಡಿಸೆಂಬರ್ 1ಕ್ಕೆ ಹಾಕಿಸಿದರೆ ಮುಂದಿನದು ಯಾವ ತಿಂಗಳಲ್ಲಿ ಬರುತ್ತದೆ? ಕ್ಯಾಲೆಂಡರ್ ನೋಡಿ ಹೇಳಿ. ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಹೋಗುತ್ತದಲ್ಲ, ಆ ಹೊತ್ತಿಗೆ ಹತ್ತಿರವೋ ದೂರವೋ?

3. ಒಂದು ಡಬ್ಬಕ್ಕೆ 400 ರೂಪಾಯಿ ಅಂತ ಇಟ್ಟುಕೊಳ್ಳೋಣ. ವರ್ಷಕ್ಕೆ 4 ಡಬ್ಬ ಬೇಕು. ಒಟ್ಟು ಎಷ್ಟು? ಇಂಜಿನ್ ಬಿಚ್ಚಿ ರಿಪೇರಿ ಮಾಡಲು ಎಷ್ಟು ಆಗುತ್ತದೆ ಅಂತ ನಿಮ್ಮ ಬೀದಿಯ ಮೆಕ್ಯಾನಿಕ್‌ನನ್ನು ಕೇಳಿ, ಪಕ್ಕದಲ್ಲಿ ಬರೆಯಿರಿ.

4. ಕೆಳಗಿನದನ್ನು ಒಂದು ರಟ್ಟಿನ ಮೇಲೆ ನಿಮ್ಮ ಕೈಯಿಂದಲೇ ಬರೆದು, ತುಂಬಿ, ಗಾಡಿ ನಿಲ್ಲಿಸುವ ಜಾಗದ ಗೋಡೆಗೆ ಅಂಟಿಸಿ.

ಗಾಡಿಯ ನಂಬರ್: ..........
ಎಣ್ಣೆಯ ಹೆಸರು, ಅಂಕಿ: ..........
ಹಾಕಿಸಿದ ತಾರೀಕು: ..........
ಆಗ ಮೀಟರ್: ..........
ಮುಂದಿನ ಸಲ: ..........
ಕಡ್ಡಿ ನೋಡಿದವರ ಸಹಿ: ..........